ನಾಲ್ಕು ಚಕ್ರವೂ ಬಿಸಿ

ನಾನು ಹತ್ತು ವರ್ಷದವಳಾಗಿದ್ದಾಗ ಕಾಕ್ಸ್‌ಟೌನಿನ ನಮ್ಮ ಬೀದಿಯಲ್ಲಿ ಇದ್ದದ್ದು ಮೂರೇ ಕಾರು. ಒಂದು ಡಾಕ್ಟರದು, ಒಂದು ಬೇಕರಿಯವರದು, ಇನ್ನೊಂದು ನಮ್ಮ ದೊಡ್ಡಪ್ಪನದು. ಉಳಿದ ರಸ್ತೆಯೆಲ್ಲ ನಮ್ಮ ಕುಂಟೆಬಿಲ್ಲೆಗೆ ಬಿಟ್ಟದ್ದು. ಬೆಳಿಗ್ಗೆ ಬೇಕರಿಯಿಂದ ಬನ್ನಿನ ವಾಸನೆ ಬರುತ್ತಿತ್ತು, ಭಾನುವಾರವಾದರೆ ಅದರ ಜೊತೆಗೆ ಅಪ್ಪನ ಸೀಮೆಎಣ್ಣೆ ಬಟ್ಟೆಯ ವಾಸನೆ.

ದೊಡ್ಡಪ್ಪನ ಕಾರು ಬ್ರಿಟಿಷರ ಕಾಲದ್ದು. ಬೂದು ಬಣ್ಣ, ಗುಂಡು ಬೆನ್ನು. ಮದುವೆ ಹೆಣ್ಣುಗಳನ್ನು ಚರ್ಚಿಗೋ ಛತ್ರಕ್ಕೋ ಕರೆದೊಯ್ಯಲು ಬಿಟ್ಟರೆ ಹೊರಗೆ ತೆಗೆಯುತ್ತಿರಲಿಲ್ಲ. ಕಾರು ಅವರದಾದರೂ ಅದು ನಿಲ್ಲುತ್ತಿದ್ದದ್ದು ನಮ್ಮ ಮನೆಯ ಶೆಡ್ಡಿನಲ್ಲಿ. ಅದನ್ನು ಓಡಿಸುತ್ತಿದ್ದವನು, ಅದರ ಕೆಳಗೆ ಮಲಗುತ್ತಿದ್ದವನು ಅವರ ತಮ್ಮ, ನಮ್ಮಪ್ಪ. ವಾರವೆಲ್ಲ ಆಫೀಸಿನಲ್ಲಿ ಫೈಲು ಜೋಡಿಸುತ್ತಿದ್ದ ಅಪ್ಪ ಭಾನುವಾರ ಮಾತ್ರ ಬೇರೆಯೇ ಮನುಷ್ಯನಾಗುತ್ತಿದ್ದ. ಆಗ ಸಿಳ್ಳೆ ಹಾಕುತ್ತಿದ್ದ.

ಆ ಮೇ ತಿಂಗಳ ರಜೆಯಲ್ಲಿ ನನಗೂ ಒಂದು ಕೆಲಸ ಸಿಕ್ಕಿತು. ಬ್ರೇಕಿನ ಪೈಪಿನೊಳಗೆ ಗಾಳಿ ಸೇರಿದರೆ ಪೆಡಲು ಮೆತ್ತಗಾಗುತ್ತದೆ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲು ಒತ್ತಬೇಕು, ಇನ್ನೊಬ್ಬರು ಚಕ್ರದ ಹಿಂದೆ ಮಲಗಿ ಪುಟ್ಟ ನಿಪ್ಪಲ್ ತಿರುಗಿಸಿ ಗಾಳಿ ಬಿಡಬೇಕು. ನಾನು ಸೀಟಿನ ತುದಿಗೆ ಜಾರಿ, ಸ್ಟೇರಿಂಗ್ ಹಿಡಿದು ನೇತಾಡಿಕೊಂಡು ಎರಡೂ ಕಾಲಲ್ಲಿ ಒತ್ತುತ್ತಿದ್ದೆ.

"ಒತ್ತು," ಎಂದು ಕೆಳಗಿನಿಂದ ಅಪ್ಪನ ದನಿ.

"ಒತ್ತಿದೆ."

"ಹಿಡ್ಕೋ. ನಾನ್ ಹೇಳೋವರ್ಗೂ ಬಿಡ್ಬೇಡ. ...ಬಿಟ್ಯಾ?"

"ಇಲ್ಲಪ್ಪ."

"ಸುಳ್ಳಿ. ಇಲ್ಲಿ ಗುಳ್ಳೆ ಬಂತು. ನಿಮ್ಮಮ್ಮನ್ನ ಕರೀಲಾ? ಅವಳು ಒತ್ತಿದ್ರೆ ಪೆಡಲೇ ಕಿತ್ಕೊಂಡು ಬರತ್ತೆ."

"ಕೇಳಿಸ್ತು," ಎಂದು ಅಡುಗೆಮನೆಯ ಕಿಟಕಿಯಿಂದ ಅಮ್ಮ.

ಬ್ರೇಕಿನ ತೊಂದರೆಯನ್ನು ಹೇಗೆ ಹುಡುಕಬೇಕು ಎಂದೂ ಅಪ್ಪ ಹೇಳಿಕೊಟ್ಟ. ಕಾರು ಎಳೆಯದೆ ಮುಗ್ಗರಿಸುತ್ತಿದ್ದರೆ ಮೊದಲು ಇಳಿದು ನಾಲ್ಕು ಚಕ್ರದ ಹತ್ತಿರವೂ ಕೈಯ ಹಿಂಬದಿ ಹಿಡಿದು ನೋಡಬೇಕು. ಒಂದು ಚಕ್ರ ಮಾತ್ರ ಬಿಸಿಯಿದ್ದರೆ ತೊಂದರೆ ಆ ಚಕ್ರದಲ್ಲಿದೆ. ನಾಲ್ಕೂ ಬಿಸಿಯಿದ್ದರೆ ಚಕ್ರಗಳನ್ನು ಬೈದು ಪ್ರಯೋಜನವಿಲ್ಲ, ಬಾನೆಟ್ಟಿನ ಕೆಳಗೆ, ಬ್ರೇಕ್ ಆಯಿಲ್ ಹೊರಡುವ ಮಾಸ್ಟರ್‌ನಲ್ಲೇ ಏನೋ ಆಗಿದೆ.

ಒಂದು ಗುರುವಾರ ಅಪ್ಪ ಆಫೀಸಿಗೆ ಹೋಗಿದ್ದಾಗ ದೊಡ್ಡಪ್ಪ ಬಂದರು. ಬಾನೆಟ್ ಎತ್ತಿ ನೋಡಿದರು. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಸ್ವಲ್ಪ ಕಮ್ಮಿ ಇತ್ತು. ಶೆಡ್ಡಿನ ಮೂಲೆಯಲ್ಲಿದ್ದ ಉದ್ದ ಮೂತಿಯ ಕ್ಯಾನಿನಿಂದ ಅದರ ತುಂಬ ಸುರಿದು, ಕೈ ಒರೆಸಿಕೊಂಡು, "ನಿಮ್ಮಪ್ಪಂಗೆ ಇದನ್ನೂ ನಾನೇ ನೋಡ್ಕೊಡ್ಬೇಕು" ಎಂದು ನನ್ನ ತಲೆ ಸವರಿ ಹೋದರು. ಅದು ಇಂಜಿನ್ ಆಯಿಲ್ ಕ್ಯಾನು ಎಂದು ನನಗೆ ಗೊತ್ತಿತ್ತು. ಆದರೆ ದೊಡ್ಡವರಿಗೆ ಗೊತ್ತಿರುವುದಿಲ್ಲವೇ ಎಂದುಕೊಂಡು ಆಟಕ್ಕೆ ಓಡಿದೆ.

ಭಾನುವಾರ ಮದುವೆ ಇತ್ತು. ಬಾನೆಟ್ಟಿಗೆ ಬಿಳಿ ರಿಬ್ಬನ್ನು, ಹಿಂದಿನ ಸೀಟಿನಲ್ಲಿ ಬಿಳಿ ಗೌನಿನ ಹೆಣ್ಣು, ಅವಳ ತಾಯಿ. ಮುಂದೆ ಅಪ್ಪ, ದೊಡ್ಡಪ್ಪ, ನಡುವೆ ನಾನು. ಚರ್ಚಿಗೆ ಇನ್ನೂ ಅರ್ಧ ದಾರಿ ಇರುವಾಗಲೇ ಅಪ್ಪ ಎಷ್ಟು ಆಕ್ಸಿಲರೇಟರ್ ತುಳಿದರೂ ಕಾರು ಭಾರವಾಗತೊಡಗಿತು. ಮಲ್ಲಿಗೆಯ ವಾಸನೆಯ ನಡುವೆ ಸುಟ್ಟ ವಾಸನೆ ಬಂತು. ಏರಿನಲ್ಲಿ ಕಾರು ಕಚ್ಚಿಕೊಂಡು ನಿಂತುಬಿಟ್ಟಿತು, ಚಕ್ರಗಳಿಂದ ಹೊಗೆ.

ಅಪ್ಪ ಇಳಿದು ಒಂದೊಂದೇ ಚಕ್ರಕ್ಕೆ ಕೈ ಹಿಡಿದ. ನಾಲ್ಕನೆಯದಕ್ಕೂ ಹಿಡಿದು ನನ್ನನ್ನು ನೋಡಿದ. ನನಗೆ ಅರ್ಥವಾಯಿತು.

"ಏನೋ ಮಾಡಿದ್ದೀಯ ಇದಕ್ಕೆ? ನಾಚ್ಕೆ ಆಗಲ್ವಾ?" ದೊಡ್ಡಪ್ಪ ನಡುರಸ್ತೆಯಲ್ಲಿ ಕೂಗಿದರು. ಸುತ್ತ ಜನ ನಿಂತರು. ಮದುವೆ ಹೆಣ್ಣು ಗೌನು ಮಡಿಚಿಕೊಂಡು ಆಟೋ ಹತ್ತಿದಳು. ದೊಡ್ಡಪ್ಪ ಕ್ಷಮೆ ಕೇಳಲು ಇನ್ನೊಂದು ಆಟೋದಲ್ಲಿ ಅವಳ ಹಿಂದೆ ಹೋದರು. ಅಪ್ಪ ಒಳ್ಳೆಯ ಷರ್ಟಿನಲ್ಲೇ ರಸ್ತೆಯ ಮೇಲೆ ಮಲಗಿ ನಿಪ್ಪಲ್ ಸಡಿಲಿಸಿದ. ಆಯಿಲ್ ಪಿಚಕ್ಕನೆ ಚಿಮ್ಮಿತು, ಕಚ್ಚಿಕೊಂಡಿದ್ದ ಬ್ರೇಕ್ ಬಿಟ್ಟಿತು. ನಿಪ್ಪಲ್ ಮತ್ತೆ ಬಿಗಿದು, ಬ್ರೇಕನ್ನು ನಂಬದೆ, ಬರೀ ಗೇರಿನಲ್ಲಿ ತೆವಳಿಸಿಕೊಂಡು ಶಿವಾಜಿನಗರಕ್ಕೆ ಬಂದೆವು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅಪ್ಪನ ಸ್ನೇಹಿತರಾದ ಮೆಕ್ಯಾನಿಕ್ ಒಬ್ಬರ ಅಂಗಡಿ. ನಾವೆಲ್ಲ ಅವರನ್ನು ಭಾಯ್ ಎನ್ನುತ್ತಿದ್ದೆವು. ಅವರಿಗೆ ಶುಕ್ರವಾರ ಮಾತ್ರ ರಜೆ.

ಭಾಯ್ ಮಾಸ್ಟರ್ ಬಿಚ್ಚಿ, ಒಳಗಿನ ರಬ್ಬರನ್ನು ಬೆರಳಲ್ಲಿ ಎತ್ತಿ ಹಿಡಿದರು. "ಏ ದೇಖೋ. ಪೂರಿ ಥರ ಉಬ್ಬಿದೆ ಸಾಬ್." ಪಕ್ಕದ ಚಾ ಅಂಗಡಿಯಿಂದ ಒಂದು ಗ್ಲಾಸು ನೀರು ತರಿಸಿ ಅದರೊಳಗೆ ಡಬ್ಬಿಯ ಆಯಿಲ್ ಒಂದು ಚಮಚ ಬಿಟ್ಟರು. "ಬ್ರೇಕ್ ಆಯಿಲ್ ಆದ್ರೆ ನೀರಲ್ಲಿ ಸೇರ್ಕೊಳತ್ತೆ ಬೇಟಿ. ಇದು ನೋಡು."

ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ತೇಲುತ್ತಿತ್ತು.

"ಇಂಜಿನ್ ಆಯಿಲ್ ಯಾರು ಹಾಕಿದ್ದು ಸಾಬ್?"

"ದೊಡ್ಡಪ್ಪ. ಗುರುವಾರ. ನಾನೇ ನೋಡಿದೆ," ಎಂದೆ.

ಅಪ್ಪ ಗ್ಲಾಸನ್ನು ಕೈಗೆತ್ತಿಕೊಂಡ.

"ಹೋಗಿ ತೋರಿಸ್ರಿ ಇದನ್ನ ನಿಮ್ಮಣ್ಣಂಗೆ," ಎಂದರು ಭಾಯ್.

"ತೋರಿಸಿ ಏನಾಗ್ಬೇಕು ಭಾಯ್? ಅವನ ಗಾಡಿ." ಅಪ್ಪ ಗ್ಲಾಸನ್ನು ಚರಂಡಿಗೆ ಬಗ್ಗಿಸಿದ. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಯಾರಿಗೂ ಹೇಳ್ಕೂಡ್ದು," ಎಂದ. ಮನೆಗೆ ಬರುವಾಗ ಬೇಕರಿಯಲ್ಲಿ ಪಫ್ ಕೊಡಿಸಿದ. ನಾನು ಅದನ್ನು ತಿಂದೆ ಕೂಡ. ಆ ಪಫ್ಫಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಸಂಜೆ ದೊಡ್ಡಪ್ಪ ಬಂದು ಅಮ್ಮನ ಎದುರಿಗೇ ಹೇಳಿದರು, "ಇನ್ಮೇಲೆ ಗಾಡಿ ಮುಟ್ಬೇಡ. ನಿನ್ನ ಕೈಯಲ್ಲಿ ಆಗಲ್ಲ." ಅಪ್ಪ "ಆಯ್ತಣ್ಣ" ಎಂದ, ಅಷ್ಟೇ. ರಜೆ ಮುಗಿಯುವಷ್ಟರಲ್ಲಿ ಕಾರು ಮಾರಿಹೋಯಿತು. ಅಪ್ಪ ಸಾಮಾನಿನ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ. ಆಮೇಲೆ ಭಾನುವಾರಗಳಲ್ಲಿ ಅಪ್ಪ ಪೇಪರ್ ಓದುತ್ತಿದ್ದ. ಸಿಳ್ಳೆ ಹಾಕಿದ್ದನ್ನು ನಾನು ಮತ್ತೆ ಕೇಳಲಿಲ್ಲ.

ಮೂವತ್ತೈದು ವರ್ಷ ನಾನು ದೊಡ್ಡಪ್ಪನನ್ನು ದ್ವೇಷಿಸಿದೆ. ತಪ್ಪು ತಮ್ಮದೆಂದು ಗೊತ್ತಿದ್ದೂ ತಮ್ಮನ ತಲೆಗೆ ಕಟ್ಟಿದ ಮನುಷ್ಯ ಎಂದೇ ತಿಳಿದಿದ್ದೆ. ಹಬ್ಬದಲ್ಲಿ ಅವರಿಗೆ ನಮಸ್ಕಾರ ಮಾಡುವಾಗಲೂ ಹಲ್ಲು ಕಚ್ಚಿಕೊಂಡಿರುತ್ತಿದ್ದೆ.

ಈ ವರ್ಷ ಅಪ್ಪ ತೀರಿಕೊಂಡ. ಹನ್ನೊಂದನೆಯ ದಿನ ಊಟದ ಎಲೆಯ ಮುಂದೆ ಕೂತು ದೊಡ್ಡಪ್ಪ ನೆಂಟರಿಗೆ ಹೇಳುತ್ತಿದ್ದರು, "ನನ್ ತಮ್ಮ ಚಿನ್ನದಂಥೋನು. ಕೈಕೆಲಸ ಒಂದು ಬರ್ಲಿಲ್ಲ ಪಾಪ. ಬ್ರೇಕ್ ಕೆಡಿಸಿ ಮದ್ವೆ ಹೆಣ್ಣನ್ನೇ ಆಟೋ ಹತ್ತಿಸ್ಬಿಟ್ಟಿದ್ದ." ನಾಲ್ಕು ಜನ ನಕ್ಕರು. ಅಪ್ಪನ ಫೋಟೋ ಅಲ್ಲೇ ಇತ್ತು.

ನಾನು ಸಾರಿನ ಪಾತ್ರೆಯನ್ನು ನೆಲದ ಮೇಲಿಟ್ಟೆ. "ದೊಡ್ಡಪ್ಪ, ಬ್ರೇಕ್ ಡಬ್ಬಿಗೆ ಇಂಜಿನ್ ಆಯಿಲ್ ಸುರಿದಿದ್ದು ನೀವು. ಗುರುವಾರ. ನಾನು ಪಕ್ಕದಲ್ಲೇ ನಿಂತಿದ್ದೆ. ಶಿವಾಜಿನಗರದಲ್ಲಿ ಭಾಯ್ ನೀರಲ್ಲಿ ಹಾಕಿ ತೋರಿಸಿದ್ರು."

ಅವರು ತಲೆ ಎತ್ತಿದರು. ಸುಳ್ಳು ಹೇಳುವವರ ಮುಖವಾಗಿರಲಿಲ್ಲ ಅದು.

"ನಾನಾ?" ಎಂದರು. ಅಪ್ಪನ ಫೋಟೋ ಕಡೆ ತಿರುಗಿ, "ಅವ್ನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ಎಂಬತ್ತೆರಡು ವರ್ಷದ ಕೈ ಎಲೆಯ ಮೇಲೆ ಹಾಗೇ ನಿಂತಿತ್ತು. ಅವರು ಪಾಯಸ ಮುಟ್ಟದೆ ಎದ್ದರು. ಇಷ್ಟು ವರ್ಷ ಈ ಗಳಿಗೆಗೆ ಕಾದಿದ್ದ ನನಗೆ ಸಮಾಧಾನ ಆಗಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ಬಚ್ಚಿಟ್ಟವನು ಅಪ್ಪ.

ನಮ್ಮ ಹಳೆಯ ಮನೆಯ ಜಾಗದಲ್ಲಿ ಈಗ ಫ್ಲ್ಯಾಟುಗಳಿವೆ. ಕುಂಟೆಬಿಲ್ಲೆಗೆ ಗೆರೆ ಎಳೆಯಲು ರಸ್ತೆ ಕಾಣುವುದಿಲ್ಲ, ಎರಡೂ ಬದಿ ಕಾರು. ಭಾಯ್ ಹೋಗಿ ಬಹಳ ವರ್ಷವಾಯಿತು. ಅವರ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಆ ಗ್ಲಾಸನ್ನು ನೋಡಿದ ಮೂವರಲ್ಲಿ ಉಳಿದವಳು ನಾನೊಬ್ಬಳು.

ಮೊನ್ನೆ ಅಪ್ಪನ ಸಾಮಾನಿನ ಪೆಟ್ಟಿಗೆಯನ್ನು ಇಳಿಸಿದೆ. ಮನೆ ಬದಲಾದಾಗಲೆಲ್ಲ ಅದೂ ಒಂದು ಅಟ್ಟದಿಂದ ಇನ್ನೊಂದಕ್ಕೆ ಹೋಗಿತ್ತು. ತುಕ್ಕಿನ ಮುದ್ದೆ ಸಿಗಬಹುದು ಎಂದುಕೊಂಡಿದ್ದೆ. ನಿಪ್ಪಲ್ಲಿನ ಪುಟ್ಟ ಸ್ಪ್ಯಾನರ್ ಎಣ್ಣೆ ಬಟ್ಟೆಯಲ್ಲಿ ಸುತ್ತಿತ್ತು, ಹೊಸದರಂತೆ ಹೊಳೆಯುತ್ತಿತ್ತು. ಬಟ್ಟೆ ನೀಲಿ ಚೌಕಳಿಯದು. ಹೋದ ವರ್ಷ ಹತ್ತನೆಯ ಕ್ಲಾಸು ಮುಗಿಸಿದ ನನ್ನ ಮಗಳ ಯೂನಿಫಾರಂ ತುಂಡು.

ಮೂವತ್ತೈದು ವರ್ಷ ಯಾರಿಗೂ ಕಾಣದಂತೆ ಒರೆಸಿ ಒರೆಸಿ ಇಟ್ಟಿದ್ದೀಯಲ್ಲ ಅಪ್ಪ. ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?