ಸೋಮವಾರ ಮೋಟ್ರು ಹಾಕದ ಓನರಮ್ಮ

ಅವರ ಎಡಗೆನ್ನೆಯ ಮೇಲೆ ಸದಾ ತುಕ್ಕಿನ ಒಂದು ಗೆರೆ ಇರುತ್ತಿತ್ತು. ಬೆಳಿಗ್ಗೆ ಮೋಟಾರು ಹಾಕಿದ ಕೂಡಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೋರ್‌ವೆಲ್‌ನಿಂದ ತಾರಸಿಯ ಟ್ಯಾಂಕಿಗೆ ಏರುವ ಕಬ್ಬಿಣದ ಪೈಪಿಗೆ ಕೆನ್ನೆ ಒತ್ತಿ ನಿಲ್ಲುತ್ತಿದ್ದರು. ಮೇಲೇರುತ್ತಿರುವುದು ನೀರೋ ಬರೀ ಗಾಳಿಯೋ ಎಂದು ಕೇಳಿಸಿಕೊಳ್ಳಲು. ಎಡಗೆನ್ನೆ ಎಂದು ಬರೆದೆ, ಬಲಗೆನ್ನೆಯೂ ಇರಬಹುದು. ಎದುರು ನಿಂತವರ ಎಡಬಲವನ್ನು ನೆನಪು ಅದಲುಬದಲು ಮಾಡಿಬಿಡುತ್ತದೆ. ಗೆರೆ ಇತ್ತು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಕೊಡಿಗೇಹಳ್ಳಿಯ ಹಳೇ ಊರಿನಲ್ಲಿ ಅವರದೊಂದು ವಠಾರ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಗಂಡ ಕಟ್ಟಿಸಿದ ಮನೆಗಳು. ಗಂಡ ತೀರಿಕೊಂಡ ಮೇಲೆ ಇವರದೇ ಆಳ್ವಿಕೆ. ಬಾಡಿಗೆಯವರಾದ ನಾವು ಎದುರಿಗೆ ಆಂಟಿ ಎನ್ನುತ್ತಿದ್ದೆವು, ಹಿಂದಿನಿಂದ ಓನರಮ್ಮ. ರಸ್ತೆಯಲ್ಲಿ ಕಾವೇರಿ ನೀರಿನ ಪೈಪು ಹೂತಾಗಿತ್ತು. ನೀರಿಗೆ ಇನ್ನೂ ಕಾಯುತ್ತಿದ್ದೆವು. ಇಡೀ ವಠಾರ ಬದುಕಿದ್ದು ಒಂದೇ ಬೋರ್‌ವೆಲ್ ಮೇಲೆ.

ಮನೆ ನೋಡಲು ಹೋದ ದಿನವೇ ಹೇಳಿದ್ದರು: “ಸೋಮವಾರ ಮೋಟ್ರು ಆಕಲ್ಲ ಕಣವ್ವ. ಭಾನುವಾರವೇ ತುಂಬಿಟ್ಕೋಬೇಕು. ಒಪ್ಗೆ ಇದ್ರೆ ಬಾ.”

“ಯಾಕೆ ಆಂಟಿ?”

“ಬಸವಣ್ಣನ ದಿನ. ಎತ್ತಿನ ಎಗಲ ಮ್ಯಾಲೆ ನೊಗ ಇಕ್ಕಂಗಿಲ್ಲ. ಈಗ ನಮ್ಮನೇಲಿ ಎತ್ತಿಲ್ಲ. ದುಡಿಯೋದು ಇದೊಂದೇಯ.” ಗದ್ದ ಎತ್ತಿ ಬೋರ್‌ವೆಲ್ ತೋರಿಸಿದರು.

ಮಹಡಿಯಲ್ಲಿದ್ದ ಕ್ಯಾಬ್ ಡ್ರೈವರ್ ರೇಗಿಸುತ್ತಿದ್ದ: “ಆಂಟಿ, ನಂಗೂ ಸೋಮವಾರ ರಜಾ ಕೊಡ್ಸಿ.”

“ನೀನ್ ಎತ್ತೇನ್ಲಾ? ಎತ್ತಾಗಿದ್ರೆ ಒಸಿ ಉಪ್ಯೋಗಕ್ಕಾದ್ರೂ ಬತ್ತಿದ್ದೆ.”

ಭೂಗೋಳ ಓದಿದವಳು ನಾನು, ಸುಮ್ಮನಿರಲಾಗಲಿಲ್ಲ. ಒಂದು ದಿನ ನಿಲ್ಲಿಸಿ ಮಾರನೆಯ ದಿನ ಎರಡರಷ್ಟು ಎಳೆದರೆ ಏನು ಉಳಿದಂತಾಯಿತು ಎಂದು ಕೇಳಿದೆ. “ಎರಡರಷ್ಟು ಎಳ್ಯಾಕೆ ಯಾರ್ ಬಿಟ್ರು?” ಎಂದರು. ಸ್ಟಾರ್ಟರ್ ಪೆಟ್ಟಿಗೆಯ ಬೀಗದ ಕೈ ಅವರ ಸೊಂಟದಲ್ಲಿತ್ತು. “ಸಾಕಾಯ್ತು ಅಂತ ಎತ್ತು ಬಾಯಿಬಿಟ್ಟು ಅನ್ನಲ್ಲ ಕಣವ್ವ. ಒಂದಿನ ಮಲಗ್ಬಿಡ್ತದೆ, ಅಷ್ಟೇಯ.”

ನಾನು ಬೇರೆ ದಾರಿ ಹಿಡಿದೆ. ಮಳೆಯ ಗತಿ ಕೆಟ್ಟಿತ್ತು. ಸುರಿದರೆ ಹೆಬ್ಬಾಳದ ಕಡೆ ರಸ್ತೆಗಳೆಲ್ಲ ಮುಳುಗುವಂತೆ ಒಂದೇ ಸಲ ಸುರಿದು, ಆಮೇಲೆ ತಿಂಗಳುಗಟ್ಟಲೆ ಮುಖ ತೋರಿಸುತ್ತಿರಲಿಲ್ಲ. ತಾರಸಿಯ ನೀರನ್ನು ಬೀದಿಗೆ ಬಿಡುವ ಬದಲು ಬೋರ್‌ವೆಲ್ ಪಕ್ಕ ಇಂಗುಗುಂಡಿ ತೋಡಿಸಿ ಎಂದು ಅವರ ಬೆನ್ನು ಬಿದ್ದೆ. ಮನೆ ಮುಂದೆ ಗುಂಡಿ ತೋಡಿದರೆ ಸಾವು ಬರುತ್ತದೆ ಎಂದರು. ಗಾಡಿ ನಿಲ್ಲಿಸಲು ಜಾಗ ಹೋಗುತ್ತದೆ ಎಂದರು. ಕೊನೆಗೊಂದು ಸಂಜೆ, ತಾರಸಿಯ ಪೈಪಿನಿಂದ ಧಾರೆಗಟ್ಟಿ ಚರಂಡಿಗೆ ಬೀಳುತ್ತಿದ್ದ ಮಳೆನೀರನ್ನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, “ತೋಡ್ಸು, ಅದೇನ್ ತೋಡ್ಸೀಯೋ” ಎಂದು ಒಳಗೆ ಹೋದರು. ನನ್ನ ವಾದಕ್ಕೆ ಒಪ್ಪಿದರೋ, ನನ್ನ ಕಾಟ ತಾಳಲಾರದೆ ಒಪ್ಪಿದರೋ, ಇವತ್ತಿಗೂ ತಿಳಿದಿಲ್ಲ.

ಗುಂಡಿ ಒಂದೇ ಮಳೆಗಾಲ ಕಂಡಿತ್ತು, ಅಷ್ಟರಲ್ಲಿ ಆ ಬೇಸಿಗೆ ಬಂತು. ಬೀದಿಯ ಬೋರುಗಳು ಒಂದೊಂದಾಗಿ ನಿಂತವು. ನಮ್ಮದು ಕೆಮ್ಮಿ ಕೆಮ್ಮಿ ನೀರು ಕೊಡುತ್ತಿತ್ತು. ಓನರಮ್ಮ ಪೈಪಿಗೆ ಕೆನ್ನೆ ಇಟ್ಟರೆ ತೆಗೆಯುತ್ತಲೇ ಇರಲಿಲ್ಲ. ಅದೇ ಹೊತ್ತಿಗೆ ವಠಾರದ ಹಿಂದೆ ಅವರ ಒಬ್ಬಳೇ ಮಗಳಿಗೆ ಮನೆ ಏಳುತ್ತಿತ್ತು. ಕಟ್ಟಿಸುತ್ತಿದ್ದವರು ಅವರ ಮೈದುನ, ಹೊಲ ಮಾರಿ ಬಿಲ್ಡರ್ ಆದವರು. ಭಾನುವಾರ ಛಾವಣಿಗೆ ಕಾಂಕ್ರೀಟು ಸುರಿದು ಮೋಲ್ಡ್ ಹಾಕಿದರು. ಸೋಮವಾರದ ಬಿಸಿಲಿಗೆ ಆ ಹಸಿ ಛಾವಣಿಯನ್ನು ನೆನೆಸುತ್ತಲೇ ಇರಬೇಕು, ಇಲ್ಲವಾದರೆ ಬಿರುಕು ಬಿಡುತ್ತದೆ. ಕರೆದಿದ್ದ ಟ್ಯಾಂಕರ್ ಬರಲಿಲ್ಲ.

“ಅತ್ತಿಗೆ, ಬೀಗದ ಕೈ ಕೊಡಿ,” ಎಂದರು ಮೈದುನ.

“ಇವತ್ತು ಸೋಮವಾರ.”

“ನಿಮ್ ಮಗಳ ಮನೆ ಅತ್ತಿಗೆ ಅದು! ಮೋಲ್ಡ್ ಕೆಟ್ಟೋದ್ರೆ ನನ್ನ ಕೇಳ್ಬೇಡಿ.”

ಮಗಳು ಅಮ್ಮನ ಸೊಂಟವನ್ನೇ ನೋಡುತ್ತ ನಿಂತಿದ್ದಳು. ಓನರಮ್ಮ ಬಾಗಿಲು ಬಾಗಿಲಿಗೆ ಹೊರಟರು. ಅಕ್ಕಿ ತೊಳೆದ ನೀರು ಚೆಲ್ಲಬೇಡಿ, ಸೊಪ್ಪು ತೊಳೆದದ್ದು ಕೊಡಿ, ತುಂಬಿಟ್ಟ ಡ್ರಮ್ಮಿನಿಂದ ಒಂದೊಂದು ಬಿಂದಿಗೆ ಕೊಡಿ. ಗೊಣಗಿಕೊಂಡೇ ಎಲ್ಲರೂ ಕೊಟ್ಟೆವು. ಡ್ರೈವರ್ ಆ ದಿನದ ಟ್ರಿಪ್ಪು ಬಿಟ್ಟು ಗೋಣಿಚೀಲ ನೆನೆಸಿದ, ನಾವು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಬಕೆಟ್ಟು ದಾಟಿಸಿದೆವು. ಆ ವಯಸ್ಸಿನಲ್ಲಿ ಅವರು ಮೇಲೆ ಹತ್ತಿ, ಉರಿಬಿಸಿಲಲ್ಲಿ ಬಗ್ಗಿ ಛಾವಣಿಗೆ ಒದ್ದೆ ಗೋಣಿ ಹೊದಿಸಿದರು, ಜ್ವರ ಬಂದ ಮಗುವಿನ ಹಣೆಗೆ ಬಟ್ಟೆ ಹಾಕುವ ಹಾಗೆ.

ಕೆಳಗಿನಿಂದ ಮೈದುನ ಕೂಗಿದರು: “ಒಂದ್ ಬಟನ್ ಒತ್ತಿದ್ರೆ ಮುಗೀತಿತ್ತು ಅತ್ತಿಗೆ!”

“ಮುಗೀತಿತ್ತು. ಅದ್ಕೇ ಒತ್ತಲ್ಲ.”

ಈ ದೃಶ್ಯ ನನ್ನಲ್ಲಿ ಎಷ್ಟು ಸ್ಪಷ್ಟವಾಗಿದೆಯೆಂದರೆ ಅನುಮಾನ ಬಂದು ಹಳೆಯ ಡೈರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: “ಸ್ನಾನವಿಲ್ಲ. ತಲೆನೋವು. ಓನರಮ್ಮನದು ಅತಿಯಾಯಿತು.” ಆ ಪುಟ ಬರೆದವಳೂ ನಾನೇ, ಈಗ ಅವರನ್ನು ಮೆಚ್ಚುತ್ತಿರುವವಳೂ ನಾನೇ. ಯಾರನ್ನು ನಂಬಲಿ?

ಮಂಗಳವಾರ ಮೋಟಾರು ಹಾಕಿದಾಗ ಬೋರು ಕೆಮ್ಮಿತು, ಆಮೇಲೆ ನೀರು ಬಂತು. ಮುಂಗಾರಿನವರೆಗೂ ಕೈಬಿಡಲಿಲ್ಲ. ಅದಕ್ಕೆ ಕಾರಣ ಇಂಗುಗುಂಡಿ ಎಂದು ನಾನು ವಠಾರದಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಅವರು ನಕ್ಕರು. “ನಿನ್ ಗುಂಡಿನೋ ನನ್ ಸೋಮವಾರನೋ, ಎರಡೂ ಸೇರಿ ಎಳ್ದಿರ್ತವೆ ಬಿಡವ್ವ. ಜೋಡೆತ್ತು.” ಮಗಳ ಮನೆಯ ಛಾವಣಿ ನಿಂತಿತು, ಆದರೆ ಒಂದು ಮೂಲೆಯಲ್ಲಿ ಕೂದಲೆಳೆಯ ಬಿರುಕು. ಇವತ್ತಿಗೂ ಜೋರು ಮಳೆಗೆ ಅಲ್ಲಿ ತೊಟ್ಟಿಕ್ಕುತ್ತದೆ. ಮಗಳು ಪಾತ್ರೆ ಇಡುತ್ತ, “ಅಮ್ಮನ ಸೋಮವಾರ” ಎನ್ನುತ್ತಾಳೆ. ಅದು ದೂರೋ ಹೆಮ್ಮೆಯೋ ನನಗೆ ಬಿಡಿಸಲಾಗಿಲ್ಲ.

ಈ ವರ್ಷ ಶಿವರಾತ್ರಿಯ ನಂತರ ಅವರು ತೀರಿಕೊಂಡರು. ತಿಥಿ ಬಿದ್ದದ್ದು ಸೋಮವಾರ. ಮಾಕಳಿ, ಚಿಕ್ಕಜಾಲದ ಕಡೆಯಿಂದೆಲ್ಲ ನೆಂಟರು ಬಂದಿದ್ದರು, ಒಲೆಗಳು ಉರಿಯುತ್ತಿದ್ದವು, ಡ್ರಮ್ಮುಗಳು ತಳ ಕಂಡವು. “ಮೋಟ್ರು ಆಕ್ರಪ್ಪ ಯಾರಾದ್ರೂ!” ಎಂದು ಅಡುಗೆಯವರು ಕೂಗಿದರು. ಬೀಗದ ಕೈ ಈಗ ಮಗಳ ಕೈಯಲ್ಲಿತ್ತು. ಅವಳು ಸ್ಟಾರ್ಟರ್ ಪೆಟ್ಟಿಗೆಯ ಮುಂದೆ ನಿಂತು ಚಿಕ್ಕಪ್ಪನ ಮುಖ ನೋಡಿದಳು. ಅಂದು ಕೆಳಗೆ ನಿಂತು ಕೂಗಾಡಿದ್ದ ಅದೇ ಮೈದುನ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ಬ್ಯಾಡ ಕಣಮ್ಮ. ಇವತ್ತು ಸೋಮವಾರ,” ಎಂದು ಫೋನು ತೆಗೆದು ಟ್ಯಾಂಕರ್‌ಗೆ ಹೇಳಿದರು.

ಟ್ಯಾಂಕರ್ ಬಂತು. ಎಲ್ಲರಿಗೂ ಸಮಾಧಾನವಾಯಿತು, ನನಗೂ ಆಗಬೇಕಿತ್ತು. ಆದರೆ ದಪ್ಪ ಪೈಪಿನಿಂದ ಡ್ರಮ್ಮುಗಳಿಗೆ ಸುರಿಯುತ್ತಿದ್ದ ನೀರನ್ನು ನೋಡುತ್ತ, ಇದು ಯಾವ ಊರಿನ ಬೋರಿನದು, ಅದಕ್ಕೆ ಇವತ್ತು ಯಾರು ರಜೆ ಕೊಟ್ಟರು ಎಂಬ ಯೋಚನೆ ಬಂತು. ಊಟದ ಎಲೆಯ ಮುಂದೆ ಕೂತರೂ ಅದು ಬಿಡಲಿಲ್ಲ. ಓನರಮ್ಮ ಇದ್ದಿದ್ದರೆ ಆ ಟ್ಯಾಂಕರನ್ನು ಒಳಗೆ ಬಿಡುತ್ತಿದ್ದರೇ? ಕೇಳಲು ಅವರಿಲ್ಲ. ಅವರ ಪರವಾಗಿ ಉತ್ತರ ಹೇಳುವ ಧೈರ್ಯ ನನಗಿಲ್ಲ.

ಮಂಗಳವಾರ ಬೆಳಿಗ್ಗೆ ಮಗಳು ಬಟನ್ ಒತ್ತಿದಳು. ನಾನು ಪೈಪಿಗೆ ಕೆನ್ನೆ ಇಟ್ಟೆ. ತಣ್ಣಗಿತ್ತು, ಒಳಗೆ ಏನೋ ನಡುಗುತ್ತಿತ್ತು. ನೀರೋ ಗಾಳಿಯೋ ತಿಳಿಯಲಿಲ್ಲ. ಮೇಲೆ ಟ್ಯಾಂಕಿನೊಳಗೆ ನೀರು ಬಿದ್ದ ಸದ್ದು ಕೇಳಿದ ಮೇಲೂ ನಾನು ಕೆನ್ನೆ ತೆಗೆಯಲಿಲ್ಲ.