ಆನೆಗೆಂದೇ ಇಟ್ಟ ದನಿ

ಆಲ್ದೂರಿನ ಚನ್ನಬಸವನ ದನಿ ಗೊತ್ತಿಲ್ಲದವರು ನಮ್ಮ ಸುತ್ತಮುತ್ತ ಇಲ್ಲ. ಮುಖ ಗೊತ್ತಿರುವವರು ಮಾತ್ರ ಕಡಿಮೆ. ಆಟೋದ ನೆತ್ತಿಗೆ ಹಾರ್ನ್ ಸ್ಪೀಕರ್ ಕಟ್ಟಿಕೊಂಡು, ಕರೆಂಟ್ ಹೋಗುವ ದಿನ, ಬಟ್ಟೆ ಅಂಗಡಿಯ ರಿಯಾಯಿತಿ, ಎಲ್ಲವನ್ನೂ ಊರೂರಿಗೆ ಸಾರುವುದು ಅವನ ಕೆಲಸ. ಮೈಕ್‌ಸೆಟ್ ನನ್ನದು. ನಾನು ರೇವಣ್ಣ, ಬಸ್ ಸ್ಟ್ಯಾಂಡಿನ ಎದುರು ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಗಂಟಲಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ.

ಅವನಲ್ಲಿ ಇನ್ನೊಂದು ದನಿಯಿದೆ. ಕಾಡಾನೆ ತೋಟಕ್ಕೆ ಇಳಿದಿದೆ ಎಂದು ಅರಣ್ಯ ಇಲಾಖೆಯವರು ಫೋನ್ ಮಾಡಿದ ದಿನ ಮಾತ್ರ ಅದು ಹೊರಗೆ ಬರುತ್ತದೆ. ಮುಂಚೆ ಹಾಡಿಲ್ಲ, ‘ಮಹಾಜನಗಳೇ’ ಇಲ್ಲ. ಏರಿಳಿತವಿಲ್ಲದೆ, ಅವಸರವಿಲ್ಲದೆ, "ಗಮನಿಸಿ. ಆನೆ ಬಂದಿದೆ." ಆಮೇಲೆ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಯಾವ ತೋಟ ಎಂದು ಹೇಳುತ್ತಾನೆ. ಅವನು ಸುಮ್ಮನಿದ್ದಾಗಲೇ ಕಾಫಿ ಕೊಯ್ಯುವವರ ಕೈ ನಿಂತಿರುತ್ತದೆ. ಬಟ್ಟೆ ಅಂಗಡಿಯವನೊಬ್ಬ ತನ್ನ ರಿಯಾಯಿತಿಯನ್ನೂ ಅದೇ ದನಿಯಲ್ಲಿ ಸಾರು ಎಂದಾಗ ಚನ್ನಬಸವ ಮೈಕ್ ಆಫ್ ಮಾಡಿದ್ದ.

"ಅದು ಆನೆಗೆ ಮಾತ್ರ ಇಟ್ಟಿರೋದು ಸಾರ್. ಬೇರೆದಕ್ಕೆ ಬಳಸಿದ್ರೆ ನಾಳೆ ಯಾರು ನಂಬ್ತಾರೆ?"

ಇಂಥವನಿಗೆ ರ‍್ಯಾಪ್ ಹುಚ್ಚು ಹಿಡಿಯಿತು. ಅದರಲ್ಲೂ ಬ್ಯಾಟಲ್. ಇಬ್ಬರು ಎದುರುಬದುರು ನಿಂತು ಪ್ರಾಸ ಕಟ್ಟಿ ಬೈದಾಡುವುದು. ಯಾರಿಗೆ ಜನ ಹೆಚ್ಚು ಕೂಗುತ್ತಾರೋ ಅವರು ಗೆದ್ದಂತೆ. ಚಿಕ್ಕಮಗಳೂರಿನ ಹಾಲ್ ಒಂದರಲ್ಲಿ ನಡೆಯುವ ಬ್ಯಾಟಲ್‌ಗೆ ಹೆಸರು ಕೊಟ್ಟ. ಬೈಸಿಕೊಳ್ಳೋದಕ್ಕೆ ಚಿಕ್ಕಮಗಳೂರಿನವರೆಗೆ ಹೋಗಬೇಕಾ, ನಮ್ಮ ಅಂಗಡಿಯಲ್ಲೇ ಆಗುತ್ತಲ್ಲ ಎಂದು ರೇಗಿಸಿದೆ. ಆದರೂ ಜೊತೆಗೆ ಹೋದೆ.

ಎದುರಾಳಿ ಅಶ್ವಿನ್ ಚಿಕ್ಕಮಗಳೂರಿನವನೇ. ಅವನ ಗಂಟಲು ಸಾಧಾರಣ, ನನ್ನ ಹಳೇ ಸ್ಪೀಕರ್ ಕೂಡ ಅದಕ್ಕಿಂತ ಚೆನ್ನಾಗಿ ಮಾತಾಡುತ್ತದೆ. ಆದರೆ ಅವನಿಗೆ ನಿಲ್ಲುವುದು ಗೊತ್ತಿತ್ತು. ಅರ್ಧ ಸಾಲು ಹೇಳಿ ಜನರ ಕಡೆ ತಿರುಗುತ್ತಿದ್ದ, ಅವರು ಕುರ್ಚಿಯ ತುದಿಗೆ ಬಂದ ಮೇಲೆ ಉಳಿದರ್ಧ ಹೇಳುತ್ತಿದ್ದ. ನಮ್ಮವನೋ, ಆಟೋದಲ್ಲಿ ಕೂತಂತೆಯೇ ಕತ್ತು ಬಗ್ಗಿಸಿ, ಮೈಕನ್ನು ತುಟಿಗೆ ಅಂಟಿಸಿಕೊಂಡು ನಿಂತಿದ್ದ. ಇಷ್ಟು ವರ್ಷ ಯಾರಿಗೂ ಕಾಣದೆ ಮಾತಾಡಿದವನಿಗೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅಶ್ವಿನ್ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದ.

"ಆಟೋದಲ್ಲಿ ಹುಲಿ, ಸ್ಟೇಜಲ್ಲಿ ಇಲಿ. ಗಂಟ್ಲು ಮಾತ್ರ ತಂದೆ, ಮುಖ ಮನೇಲೇ ಬಿಟ್ಟು ಬಂದೆ!"

ಹಾಲ್ ಹಾರಿಹೋಗುವಂತೆ ಕೂಗಿದರು. ಚನ್ನಬಸವನ ಕಿವಿ ಕೆಂಪಾಯಿತು. ಕೊನೆಯ ಸರದಿ ಅವನದು. ಬಾಯಿ ತೆರೆದ, ಸಾಲು ಮರೆತುಹೋಗಿತ್ತು. ಯಾರೋ ಸಿಳ್ಳೆ ಹಾಕಿ ಇಳಿ ಇಳಿ ಎಂದರು. ಆಗ ಅವನು ಕಣ್ಣು ಮುಚ್ಚಿದ.

"ಗಮನಿಸಿ. ಆನೆ ಬಂದಿದೆ."

ಹಾಲ್ ಗಪ್‌ಚಿಪ್. ನಮ್ಮ ಕಡೆಯ ಇಬ್ಬರು ಹೆಂಗಸರು ಕುರ್ಚಿಯಿಂದ ಎದ್ದೇ ಬಿಟ್ಟರು. ಅದೇ ಒಂದು ಉಸಿರು ಸುಮ್ಮನಿದ್ದು, ಕಣ್ಣು ತೆರೆದು, ಅಶ್ವಿನ್ ಕಡೆ ಹೆಜ್ಜೆ ಹಾಕಿದ.

"ಆನೆ ನಾನೇ. ದಾರಿ ಬಿಡು."

ಅಶ್ವಿನ್ ತನಗೇ ಗೊತ್ತಿಲ್ಲದೆ ಹಿಂದೆ ಸರಿದ. ಮತ್ತೆ ಬೈಯುವ ಅಗತ್ಯವೇ ಬೀಳಲಿಲ್ಲ, ನಮ್ಮವನು ಗೆದ್ದ. ನಾನೂ ಎದ್ದು ಚಪ್ಪಾಳೆ ತಟ್ಟಿದೆ, ಆದರೆ ಬರುವಾಗ ಬಟ್ಟೆ ಅಂಗಡಿಯವನಿಗೆ ಅವನು ಹೇಳಿದ್ದು ನೆನಪಾಯಿತು.

ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಕೊಯ್ಲು ಜೋರಾಗಿದ್ದ ಒಂದು ಬೆಳಿಗ್ಗೆ ಇಲಾಖೆಯವರ ಫೋನೂ ಬಂತು. ಹಾರ್ನಿನ ವೈರ್ ಸಡಿಲವಾಗಿದೆ ಎಂದು ಅದನ್ನು ಹಿಡಿದುಕೊಂಡು ನಾನು ಆಟೋದ ಹಿಂದೆ ಕೂತಿದ್ದೆ. ತೋಟದ ಗೇಟಿನ ಬಳಿ ಕಾಫಿ ಕೊಯ್ಯುವ ವಿಮಲಮ್ಮನ ಗ್ಯಾಂಗು ಸೊಂಟಕ್ಕೆ ಚೀಲ ಕಟ್ಟಿಕೊಂಡು ಒಳಗೆ ಹೊರಟಿತ್ತು.

"ಗಮನಿಸಿ. ಆನೆ ಬಂದಿದೆ."

ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಒಬ್ಬಳು ಚಪ್ಪಾಳೆ ಹೊಡೆದಳು. ವಿಮಲಮ್ಮ ಸೆರಗು ಬಾಯಿಗಿಟ್ಟುಕೊಂಡು, "ಆನೆ ನೀನೇ ಅಲ್ವಾ ಮಾರಾಯ, ದಾರಿ ಬಿಡು!" ಎಂದು ಗೇಟು ದಾಟಿದಳು.

ಚನ್ನಬಸವ ಮತ್ತೆ ಹೇಳಿದ. ಮತ್ತೆ ನಗು. ಅರಚಿದ, ನಗು ಇನ್ನೂ ಹೆಚ್ಚಾಯಿತು. ನಾನು "ನಿಜ ಕಣ್ರೇ!" ಎಂದು ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಗ್ಯಾಂಗು ಕಾಫಿ ಗಿಡಗಳ ನಡುವೆ ಇಳಿಯುತ್ತಿತ್ತು. ಚನ್ನಬಸವ ಮೈಕ್ ಬಿಸಾಕಿ ಓಡಿದ. ಕಾಲುದಾರಿಗೆ ಅಡ್ಡ ನಿಂತ. ಬಾಯಿ ತೆರೆದರೆ ದನಿಯೇ ಇಲ್ಲ. ತುಟಿ ಅದುರುತ್ತಿತ್ತು, ಎರಡು ಕೈಯನ್ನೂ ಜೋಡಿಸಿದ.

ವಿಮಲಮ್ಮ ಅವನ ಮುಖವನ್ನು ನೋಡಿದಳು. ನಗು ನಿಂತಿತು. ಏನೂ ಕೇಳದೆ ಹಿಂದಿದ್ದವರನ್ನೆಲ್ಲ ತಳ್ಳಿಕೊಂಡು ಗೇಟಿನ ಕಡೆ ತಿರುಗಿದಳು. ಅವರು ರಸ್ತೆಗೆ ಬರುವಷ್ಟರಲ್ಲಿ ತೋಟದ ಕೆಳಭಾಗದಲ್ಲಿ ಸಿಲ್ವರ್ ಓಕ್ ಮರ ಲಟಲಟನೆ ಮುರಿಯಿತು. ಬೂದು ಬೆನ್ನೊಂದು ಗಿಡಗಳ ಮೇಲೆ ಸಾಗಿ ಹೋಯಿತು, ಅವರು ಕೊಯ್ಯಬೇಕಿದ್ದ ಸಾಲಿನಲ್ಲೇ.

ಚನ್ನಬಸವ ರಸ್ತೆ ಬದಿಯಲ್ಲಿ ಕುಕ್ಕರಿಸಿ ವಾಂತಿ ಮಾಡಿದ. ವಿಮಲಮ್ಮ ನೀರಿನ ಬಾಟಲಿ ಕೊಟ್ಟಳು.

"ನಿನ್ನ ಮೈಕ್ ನಂಬ್ಲಿಲ್ಲ ಮಗಾ. ಮುಖ ನೋಡಿ ಜೀವ ಹೋದಂಗಾಯ್ತು," ಅಂದಳು.

ಆಮೇಲೂ ಅವನು ಬ್ಯಾಟಲ್ ಬಿಡಲಿಲ್ಲ. ಮುಂದಿನ ಸಲ ಹಾಲ್ ತುಂಬಿತ್ತು. ಮೊದಲ ಸರದಿಯಿಂದಲೇ ‘ಆನೆ! ಆನೆ!’ ಎಂದು ಕುರ್ಚಿ ಬಡಿದರು. ಈ ಸಲ ಮೈಕನ್ನು ತುಟಿಯಿಂದ ದೂರ ಹಿಡಿದು, ಕತ್ತೆತ್ತಿ, ಒಬ್ಬೊಬ್ಬರ ಮುಖ ನೋಡಿಯೇ ಸಾಲು ಹೇಳಿದ. ಕೈಕಾಲಿಗೆ ಜೀವ ಬಂದಿತ್ತು. ಕೊನೆಯ ಸರದಿಗೆ ಇಬ್ಬರೂ ಸಮಸಮ. ‘ಆನೆ ಬಂದಿದೆ’ ಎಂಬ ಎರಡು ಮಾತು ಸಾಕಿತ್ತು. ಜನ ಕಾಯುತ್ತಿದ್ದರು, ಹೇಳಿದರೆ ಸಾಕು ಎಂದು. ಅವನು ಆ ಕೂಗಿಗೆಲ್ಲ ಎದುರಾಗಿ ನಿಂತೇ ಇದ್ದ, ಬೇರೆ ಸಾಲು ಹೇಳಿದ, ಸೋತ. ನನಗೆ ಅವನ ಮೇಲೆ ಅಂದಿನಷ್ಟು ಅಭಿಮಾನ ಯಾವತ್ತೂ ಹುಟ್ಟಿರಲಿಲ್ಲ.

ಅದಾದ ಮೇಲೆ ಇಲಾಖೆಯವರ ಫೋನ್ ಬಂದಾಗ ನಾನೂ ಜೊತೆಗೆ ಹೋದೆ. ವೈರ್ ಸರಿಯಿತ್ತು, ಆದರೂ ಹೋದೆ. ಅದೇ ಗೇಟು, ಅದೇ ಗ್ಯಾಂಗು. ಅವನು ಮೈಕ್ ಆನ್ ಮಾಡಿದ.

"ಗಮನಿಸಿ. ಆನೆ ಬಂದಿದೆ."

ವಿಮಲಮ್ಮ ಆಟೋದ ಕಡೆ ತಿರುಗಿಯೂ ನೋಡಲಿಲ್ಲ. ಚೀಲ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಊರಿನ ದಾರಿ ಹಿಡಿದಳು, ಉಳಿದವರೆಲ್ಲ ಅವಳ ಹಿಂದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಚನ್ನಬಸವ ಆಟೋದ ಹ್ಯಾಂಡಲಿಗೆ ಹಣೆಯಿಟ್ಟು ಅತ್ತುಬಿಟ್ಟ.