ದೇವರ ಪಾಲಿನ ಕೋಳಿ

ಆಗೆಲ್ಲ ಸೊಕ್ಕೆ ಕಡೆಯ ನಮ್ಮ ಊರಿನಲ್ಲಿ ಭಾನುವಾರ ಎಂದರೆ ನಮ್ಮೊಬ್ಬರ ಮನೆಗೆ ಮಾತ್ರ ಹಬ್ಬ. ಎಪ್ಪತ್ತರ ದಶಕದ ಕೊನೆ. ಊರಿಗೆಲ್ಲ ಕ್ರೈಸ್ತರ ಮನೆ ಅಂತ ಇದ್ದದ್ದು ನಮ್ಮದೊಂದೇ. ಅವ್ವ ನಸುಕಿಗೇ ಎದ್ದು ರೊಟ್ಟಿ ಬಡಿದು, ಹುಚ್ಚೆಳ್ಳು ಚಟ್ನಿಯ ಜೊತೆ ಬುತ್ತಿ ಕಟ್ಟಿ, ನನ್ನ ತಲೆಗೆ ಎಣ್ಣೆ ಸುರಿದು, ಕಣ್ಣಲ್ಲಿ ನೀರು ಬರುವಂತೆ ಜಡೆ ಎಳೆದು ಜಗಳೂರಿನ ಚರ್ಚಿಗೆ ಹೊರಡಿಸುತ್ತಿದ್ದಳು. ಮಳೆ, ನೆಂಟರು, ಹೊಟ್ಟೆನೋವು, ಯಾವ ನೆವವೂ ಅವಳ ಹತ್ತಿರ ನಡೆಯುತ್ತಿರಲಿಲ್ಲ.

ಆ ವರ್ಷ ತಮ್ಮನಿಗೆ ಟೈಫಾಯ್ಡ್ ಬಂತು. ಉಳಿಯುವುದೇ ಕಷ್ಟ ಎಂದರು. ಹುಡುಗ ಎದ್ದು ಕೂತರೆ ಮನೆಯಲ್ಲಿರುವ ಒಳ್ಳೆಯ ಕೋಳಿ ಚರ್ಚಿನ ಸುಗ್ಗಿ ಹಬ್ಬಕ್ಕೆ ದೇವರ ಪಾಲು ಎಂದು ಅವ್ವ ಹರಕೆ ಹೊತ್ತಳು. ಹುಡುಗ ಎದ್ದ. ಒಳ್ಳೆಯ ಕೋಳಿ ಎಂದರೆ ನನ್ನ ಕೆಂಚಿ! ಮರಿಯಿದ್ದಾಗಿನಿಂದ ನುಚ್ಚು ಹಾಕಿ ಸಾಕಿದ್ದೆ. ಕರೆದರೆ ಓಡಿ ಬಂದು ಮಡಿಲೇರುತ್ತಿತ್ತು.

"ಬ್ಯಾರೆ ಕೋಳಿ ಕೊಡವ್ವ," ಎಂದು ಗೋಗರೆದೆ.

"ದ್ಯಾವ್ರು ಉಳಿಸಿದ್ದು ಬ್ಯಾರೇರ ಮಗನನ್ನೇನು?"

ಅಪ್ಪನ ಕಡೆ ನೋಡಿದೆ. "ನಿಮ್ಮವ್ವನ ಮುಂದೆ ನಂದೇನು ನಡಿತೈತೆ?" ಎಂದು ಅಪ್ಪ ಟವಲ್ ಕೊಡವಿ ಎದ್ದು ಹೋದ.

ಸುಗ್ಗಿ ಹಬ್ಬದ ಆರಾಧನೆ ಮುಗಿದ ಮೇಲೆ, ಕಾಣಿಕೆಯಾಗಿ ಬಂದ ಕುಂಬಳಕಾಯಿ, ಶೇಂಗಾ, ಕೋಳಿಗಳನ್ನು ಚರ್ಚಿನ ಅಂಗಳದಲ್ಲಿ ಸವಾಲು ಕೂಗಿ ಮಾರುವುದು ಪದ್ಧತಿ. ಕೋಳಿ ಕೊಂಡವರು ಅವತ್ತೇ ಸಾರು ಮಾಡುತ್ತಾರೆಂಬುದು ನನಗೆ ಗೊತ್ತಿತ್ತು. ನಮ್ಮನ್ನು ಗಾಡಿಯಲ್ಲಿ ಕರೆತಂದಿದ್ದ ಪಕ್ಕದ ಹೊಲದ ಬಸಣ್ಣನವರು ಬೇಲಿಯ ಬಳಿ ಎತ್ತುಗಳಿಗೆ ಮೇವು ಹಾಕುತ್ತಿದ್ದರು. ಕೊರಳಲ್ಲಿ ಲಿಂಗ, ಮೊಟ್ಟೆಯ ವಾಸನೆಗೂ ಮೂಗು ಮುಚ್ಚಿಕೊಳ್ಳುವ ಮನೆತನ. ಸವಾಲು ಕೂಗುವವರು ಕೆಂಚಿಯನ್ನು ಎತ್ತಿ ಹಿಡಿದದ್ದೇ ನಾನು ಹೋ ಎಂದು ಅತ್ತೆ. ಅಷ್ಟೇ, ಬಸಣ್ಣನವರು ಸವಾಲಿಗೆ ಇಳಿದೇಬಿಟ್ಟರು! ಯಾರು ಎಷ್ಟು ಕೂಗಿದರೂ ಅದರ ಮೇಲೆ ಕೂಗಿ, ಗೆದ್ದು, ಕೋಳಿಯನ್ನು ನನ್ನ ಕೈಗೆ ಕೊಡಲು ಬಂದರು.

ಅವ್ವ ಅಡ್ಡ ನಿಂತಳು. "ಬ್ಯಾಡ್ರಿ ಬಸಣ್ಣಾರೆ. ದ್ಯಾವ್ರಿಗೆ ಕೊಟ್ಟದ್ದು ತಿರುಗಿ ನಮ್ಮದಾಗಂಗಿಲ್ಲ."

"ಅಲ್ಲ ತಾಯಿ, ಇದನ್ನ ಮನೆಗೆ ಒಯ್ದರೆ ನನ್ನ ಹೆಂಡ್ತಿ ನನ್ನೂ ಒಳಗೆ ಬಿಡಂಗಿಲ್ಲ!"

ಅಂಗಳವೆಲ್ಲ ನಕ್ಕಿತು. ಅವ್ವ ನಗಲಿಲ್ಲ. ಬಸಣ್ಣನವರು ಕೋಳಿಯನ್ನು ಮಾರುದೂರ ಹಿಡಿದು, ಮುಖ ಆಚೆ ತಿರುಗಿಸಿಕೊಂಡು ನಿಂತಿದ್ದರು.

ಕೊನೆಗೆ ಅವ್ವ, "ಕೋಳಿ ನಿಮ್ಮದೇ ಇರ್ಲಿ. ಸಾಕಾಕೆ ನಮ್ಮನ್ಯಾಗೆ ಬಿಡ್ರಿ. ಮೊಟ್ಟೆ ಒಂದೂ ನಾವು ಮುಟ್ಟಂಗಿಲ್ಲ, ಎಲ್ಲಾ ಚರ್ಚಿಗೆ," ಎಂದಳು.

"ಹಂಗೇ ಆಗ್ಲಿ ತಾಯಿ, ಮೊದ್ಲು ಇದನ್ನ ಹಿಡ್ಕೊ!"

ಅವ್ವ ಮಾತಿಗೆ ತಪ್ಪಲಿಲ್ಲ. ತಮ್ಮನಿಗೆ ಮೊಟ್ಟೆ ಕೊಡಿ ಎಂದು ಡಾಕ್ಟರು ಹೇಳಿದಾಗಲೂ ಪಕ್ಕದ ಓಣಿಯಿಂದ ಕೊಂಡು ತಂದಳು. ಪ್ರತಿ ಭಾನುವಾರ, ಜೋಳದಲ್ಲಿ ಹುದುಗಿಸಿದ ಮೊಟ್ಟೆಗಳ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಬಸ್ಸಿನಲ್ಲಿ ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಪಾದ್ರಿಗಳು ಅವನ್ನು ಕಾವಿಗಿಡಲೆಂದು ಬಡವರ ಮನೆಗಳಿಗೆ ಹಂಚಿದರು. ಎರಡೇ ವರ್ಷ, ಚರ್ಚಿಗೆ ಬರುವ ಅರ್ಧ ಮನೆಗಳ ಮುಂದೆ ಕೆಂಪು ಕೋಳಿಗಳು ಕೆದಕುತ್ತಿದ್ದವು. ಎಷ್ಟು ಹಿಗ್ಗು ನನಗೆ!

ಅವ್ವ ಈಗಿಲ್ಲ. ನಾನು ದಾವಣಗೆರೆಯಲ್ಲಿದ್ದೇನೆ. ಪ್ರತಿ ವಾರವೂ ಚರ್ಚಿನಲ್ಲಿ ಕಾಣಿಕೆಯ ಲಕೋಟೆ ಹಾಕುತ್ತೇನೆ, ಮನೆ ಮುಟ್ಟುವಷ್ಟರಲ್ಲಿ ಮರೆತೂ ಬಿಡುತ್ತೇನೆ. ಕೊಡುವಾಗ ಅಳು ಬರುವಂಥದ್ದನ್ನು, ಅವ್ವಾ, ನಾನಾಗಿಯೇ ಇನ್ನೂ ಕೊಟ್ಟಿಲ್ಲ.